ದೊಡ್ಡಪ್ಪನ ಫೋಲ್ಡರಿಗೆ ಬಿದ್ದ ಬೀಗ

ನಮ್ಮ ಅತ್ತಿಗೆಗೆ ಪ್ರೆಸ್ಸಿನವರು ಇಟ್ಟ ಹೆಸರು ಬೀಗದಕ್ಕ. ಮೆಟ್ಟಿಲ ಕೆಳಗೆ ಗುಂಯ್‌ಗುಡುತ್ತ ಕೂತ ಸರ್ವರ್ ಪೆಟ್ಟಿಗೆಗೆ ಅವಳೇ ಒಡತಿ. ನಾವು ಅಚ್ಚು ಹಾಕುವ ಪುಸ್ತಕಗಳೆಲ್ಲ ಅದರ ಫೋಲ್ಡರುಗಳಲ್ಲೇ ಇರುತ್ತವೆ; ಒಳಗೆ ಹೋಗಲು ಪ್ರತಿಯೊಬ್ಬರಿಗೂ ಅವರವರ ಪಾಸ್‌ವರ್ಡ್. ನಾಲ್ಕಾರು ಸಲ ತಪ್ಪು ಹೊಡೆದರೆ ಬಾಗಿಲು ಬಂದ್, ಆಮೇಲೆ ಅತ್ತಿಗೆಯ ಮುಂದೆ ಕೈಕಟ್ಟಿ ನಿಲ್ಲಬೇಕು. ಬೋರ್ಡಿನಲ್ಲಿ ಮಾಲೀಕನೆಂದು ಅಣ್ಣನ ಹೆಸರಿದೆ. ಬೋರ್ಡಿಗೇನು ಗೊತ್ತು ಪಾಪ!

ಈ ಅಣ್ಣ ಒಮ್ಮೆ "ಸ್ವಲ್ಪ ಕ್ಲೀನ್ ಮಾಡ್ತೀನಿ" ಅಂತ ಕೂತು ಇಡೀ ಒಂದು ಪುಸ್ತಕವನ್ನೇ ಅಳಿಸಿಹಾಕಿದ್ದ. ಅಂದೇ ಅತ್ತಿಗೆ ಅವನ ಹೆಸರಿಗೆ ಫೈಲು ನೋಡುವ ಹಕ್ಕು ಮಾತ್ರ ಉಳಿಸಿ, ಬದಲಾಯಿಸುವ ಹಕ್ಕನ್ನು ಕಿತ್ತುಕೊಂಡಳು.

"ಕಣ್ಣಲ್ಲಿ ನೋಡ್ರಿ, ಕೈ ಹಿಂದೆ ಕಟ್ಕೊಳ್ರಿ" ಎಂದಳು.

ಕರಡು ತಿದ್ದುವವರು ನಮ್ಮ ದೊಡ್ಡಪ್ಪ. ಜೀವಮಾನವಿಡೀ ಅಕ್ಷರ ಅಕ್ಷರವನ್ನೂ ಬಾಯಿಬಿಟ್ಟು ಓದಿ ಅಭ್ಯಾಸವಾದ ಅವರು ಪಾಸ್‌ವರ್ಡನ್ನೂ ಹಾಗೇ ಓದಿಕೊಂಡು ಒತ್ತುತ್ತಿದ್ದರು. ಬೈಂಡಿಂಗಿನವರಿಗೂ ಅದು ಬಾಯಿಪಾಠವಾಗಿತ್ತು. ತಲೆ ಚಚ್ಚಿಕೊಂಡ ಅತ್ತಿಗೆ ಹೊಸ ಪಾಸ್‌ವರ್ಡ್ ಕೊಟ್ಟು, ಒತ್ತುವಾಗ ಬಾಯಿ ತೆರೆಯದಿರಲೆಂದು ಒಂದು ಪೆಪ್ಪರ್‌ಮಿಂಟನ್ನೂ ಕೊಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಬೆಳಿಗ್ಗೆ ಬೀಗ ಬಿಡಿಸಿದರೆ ಕಾಫಿ ಮುಗಿಯುವಷ್ಟರಲ್ಲಿ ಮತ್ತೆ ಲಾಕ್. ಅತ್ತಿಗೆಗೂ ಮೊದಲು ದೊಡ್ಡಪ್ಪನ ಮೇಲೇ ಅನುಮಾನ. ಪಕ್ಕದಲ್ಲೇ ಕೂತು ಒತ್ತಿಸಿದಳು, ಕೀಬೋರ್ಡ್ ಬದಲಿಸಿದಳು, ಅವರ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೇ ಪಾಸ್‌ವರ್ಡ್ ಅಳಿಸಿದಳು. ಊಹೂಂ.

"ದೊಡ್ಡಪ್ಪಂಗೆ ಮರೆವು ಕಣೇ. ಇನ್ನು ಮನೇಲಿ ಆರಾಮಾಗಿರ್ಲಿ" ಎಂದು ಅಣ್ಣ ನನ್ನ ಮುಂದೆ ತೀರ್ಪು ಕೊಟ್ಟ. ಮಾತು ದೊಡ್ಡಮ್ಮನ ಕಿವಿಗೂ ಬಿತ್ತು. "ಪಾಸ್‌ವರ್ಡ್ ನೆನಪಿರದವರಿಗೆ ಬ್ರೇಕ್ ಎಲ್ಲಿದೆ ಅಂತ ನೆನಪಿರುತ್ತಾ?" ಎಂದು ದೊಡ್ಡಮ್ಮ ಸ್ಕೂಟರಿನ ಕೀ ಎತ್ತಿಟ್ಟುಕೊಂಡರು. ದೊಡ್ಡಪ್ಪ ಬಸ್ಸಿನಲ್ಲಿ ಬರತೊಡಗಿದರು.

ಒಂದು ಮಧ್ಯಾಹ್ನ ನನ್ನನ್ನು ಮೆಲ್ಲಗೆ ಕರೆದರು. "ನಿಜ ಹೇಳಮ್ಮ, ನಾನು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳ್ತಿದೀನಾ?"

ನಾನು ನೇರ ಅತ್ತಿಗೆಯ ಬಳಿ ಹೋಗಿ ಸಿಡುಕಿದೆ: "ಅಲ್ಲ ಅತ್ತಿಗೆ, ಅಣ್ಣ ಆಫೀಸಿಗೆ ಬರದ ದಿನ ಮಾತ್ರ ದೊಡ್ಡಪ್ಪನ ನೆನಪು ಫಸ್ಟ್ ಕ್ಲಾಸ್ ಆಗಿರುತ್ತಲ್ಲ, ಅದು ಹೇಗೆ?"

ಅತ್ತಿಗೆಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಎದ್ದವಳೇ ಅಣ್ಣನ ರೂಮಿಗೆ ನುಗ್ಗಿದಳು.

"ರೀ, ಲ್ಯಾಪ್‌ಟಾಪ್ ಕೊಡಿ, ಧೂಳು ಒರೆಸ್ತೀನಿ."

ಅತ್ತಿಗೆ ಮನೆಯಲ್ಲೇ ಧೂಳು ಒರೆಸಿದ್ದನ್ನು ಕಂಡವರಿಲ್ಲ. ಅಣ್ಣನ ಮುಖ ಇಳಿದುಹೋಯಿತು.

ಉಳಿಸಿಟ್ಟ ಪಾಸ್‌ವರ್ಡುಗಳ ಜಾಗ ತೆರೆದರೆ, ಅಲ್ಲಿ ದೊಡ್ಡಪ್ಪನ ಹೆಸರು, ಜೊತೆಗೆ ಅವರ ಹಳೇ ಪಾಸ್‌ವರ್ಡ್! ಹಕ್ಕು ಕಳೆದುಕೊಂಡ ಅಣ್ಣ ದೊಡ್ಡಪ್ಪನ ಹೆಸರಿನಲ್ಲಿ ಕಳ್ಳತನದಿಂದ ಒಳಹೊಕ್ಕು ಮುಖಪುಟದ ಅಕ್ಷರಗಳನ್ನು ದಪ್ಪ ಮಾಡುತ್ತಿದ್ದನಂತೆ. 'ನೆನಪಿಟ್ಟುಕೋ' ಎಂಬಲ್ಲಿ ಟಿಕ್ ಬೇರೆ ಹಾಕಿದ್ದ. ಪಾಸ್‌ವರ್ಡ್ ಬದಲಾದ ಮೇಲೂ ಲ್ಯಾಪ್‌ಟಾಪು ಹಳೆಯದನ್ನೇ ಹಿಡಿದು ಬಾಗಿಲು ತಟ್ಟುತ್ತಿತ್ತು. ಪೆಟ್ಟಿಗೆ ರೇಗಿ ದೊಡ್ಡಪ್ಪನಿಗೆ ಬೀಗ ಜಡಿಯುತ್ತಿತ್ತು.

ಅತ್ತಿಗೆ ಅದನ್ನು ಅಳಿಸಿ, ಬೀಗ ಬಿಡಿಸಿ, ದೊಡ್ಡಪ್ಪನನ್ನು ಕೂರಿಸಿದಳು. ಫೋಲ್ಡರ್ ತೆರೆಯಿತು. ಎಲ್ಲರೂ ನಿಂತೇ ಕಾಫಿ ಕುಡಿದು ಮುಗಿಸಿದೆವು. ತೆರೆದೇ ಇತ್ತು.

ದೊಡ್ಡಪ್ಪ ಕೂಗಾಡಲಿಲ್ಲ. ಕನ್ನಡಕ ಒರೆಸಿಕೊಂಡು ಅಣ್ಣನ ಕಡೆ ತಿರುಗಿ, "ನಿನ್ನ ದೊಡ್ಡಮ್ಮಂಗೆ ಫೋನ್ ಹಚ್ಚು. ಸ್ಪೀಕರ್ ಹಾಕು. ನೀನೇ ಹೇಳು" ಎಂದರು.

ಅಣ್ಣ ಫೋನ್ ಹಚ್ಚಿದ. "ದೊಡ್ಡಮ್ಮ, ದೊಡ್ಡಪ್ಪನ ತಲೆ ಸರಿಯಾಗೇ ಇದೆ. ಹಾಳು ಮಾಡಿದ್ದೆಲ್ಲ ನಾನೇ."

ಆ ಕಡೆಯಿಂದ ದೊಡ್ಡಮ್ಮನ ದನಿ: "ಹಾಗಾದ್ರೆ ನಿನ್ನ ಕಾರಿನ ಕೀ ನಿನ್ನ ಹೆಂಡ್ತಿ ಕೈಗೆ ಕೊಡು."

ಅತ್ತಿಗೆ ಆಗಲೇ ಕೈ ಚಾಚಿ ನಿಂತಿದ್ದಳು.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಸ್ಕೂಟರಿನಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ಅಣ್ಣ ಕೂತಿದ್ದ.