ಕಲ್ಲಿಗೆ ಉಳಿ

ಮದ್ದೂರಿನ ನಮ್ಮ ಮನೆಯ ಅಡುಗೆಕಟ್ಟೆ ಕಡಪ ಕಲ್ಲಿನದು. ಏಳೂವರೆ ಅಡಿ ಉದ್ದ, ಎರಡಡಿ ಅಗಲ. ಕಿಟಕಿಯ ಕೆಳಗೆ ಸಿಂಕು, ಬಲತುದಿಯಲ್ಲಿ ಗ್ಯಾಸಿನ ಒಲೆ. ಇವೆರಡರ ನಡುವೆ ಕಪ್ಪು ಕಲ್ಲಿನ ಮೇಲೆ ಎರಡು ಬಿಳಿಚಿದ ಗುರುತುಗಳಿವೆ. ಎಡಗಡೆಯದು ಐದು ಬೆರಳೂ ಅಂಗೈಯ ಬುಡವೂ ತಿಳಿಯುವಷ್ಟು ಸ್ಪಷ್ಟ. ಬಲಗಡೆಯದರಲ್ಲಿ ನಾಲ್ಕು ಬೆರಳ ತುದಿಗಳು ಮಾತ್ರ. ಅಲ್ಲಿಂದ ನಾಲ್ಕು ಗೆರೆಗಳು ಕಟ್ಟೆಯ ಅಂಚಿನವರೆಗೆ ಎಳೆದುಕೊಂಡು ಬಂದಿವೆ. ಅವು ನನ್ನ ಅತ್ತೆಯ ಕೈಗಳು. ಅವರು ಹೋಗಿ ಏಳು ತಿಂಗಳಾಯಿತು.

ಈ ಗುರುತು ಹೇಗೆ ಬಿತ್ತು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತಿಳಿಯದ್ದನ್ನು ಸೇರಿಸುವುದಿಲ್ಲ.

ನಾನು ಮಂಡ್ಯ ಪೇಟೆಯಲ್ಲಿ ಮೇಷ್ಟ್ರ ಮನೆಯಲ್ಲಿ ಬೆಳೆದವಳು. ಅತ್ತೆ ಚಿಕ್ಕರಸಿನಕೆರೆಯ ಕಡೆಯವರು. ಮದುವೆಯಾಗಿ ಬಂದ ಮೊದಲ ವಾರ ನಾನು ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಕಲ್ಗೆ ಉಳಿ ಸೋಕುಸ್ಬ್ಯಾಡ ಕಣಮ್ಮಿ" ಅಂದರು. ನಾನು ನನ್ನ ಎರಡೂ ಕೈ ನೋಡಿಕೊಂಡೆ. ಕಲ್ಲು ಕೆತ್ತುವ ಉಳಿ ನನ್ನ ಕೈಗೆ ಯಾಕೆ ಬರುತ್ತದೆ? "ಉಳಿ ಎಲ್ಲಿದೆ ಅತ್ತೆ?" ಎಂದು ಕೇಳಿದೆ. ಅವರು ನೆಲಕ್ಕೆ ಕೂತು ನಕ್ಕರು. ಅವರ ಬಾಯಲ್ಲಿ ಹುಳಿ ಉಳಿಯಾಗುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ವರ್ಷಗಟ್ಟಲೆ ಬಂದವರಿಗೆಲ್ಲ ಅದನ್ನೇ ಹೇಳಿದರು: "ನಮ್ಮ ಸೊಸೆಗೆ ಉಳಿ ಅಂದ್ರೆ ಸುತ್ತಿಗೆ ಉಡುಕ್ತಾಳೆ. ಮೇಷ್ಟ್ರು ಬರಿ ಪುಸ್ತ್ಕ ಓದ್ಸವ್ರೆ, ಸಾರು ತೋರ್ಸಿಲ್ಲ."

ಆದರೆ ಅವರ ಮಾತು ಎರಡು ಅರ್ಥದಲ್ಲೂ ಸರಿ. ಕಡಪ ಕಲ್ಲಿಗೆ ಹುಳಿ ಆಗದು. ಹುಣಸೆ, ನಿಂಬೆ, ಟೊಮೆಟೊ, ಮೊಸರು, ಯಾವುದು ಬಿದ್ದು ಹಾಗೇ ಉಳಿದರೂ ಹೊಳಪನ್ನು ತಿನ್ನುತ್ತದೆ. ಅಲ್ಲಿ ಕಪ್ಪು ಹೋಗಿ ಬೂದಿಬಿಳುಪು ಬರುತ್ತದೆ. ಅದು ಮೆತ್ತಿಕೊಂಡ ಕೊಳೆಯಾಗಿದ್ದರೆ ತೊಳೆದರೆ ಹೋಗುತ್ತಿತ್ತು. ಕಲ್ಲೇ ಅಷ್ಟು ಕಡಿಮೆಯಾಗಿರುತ್ತದೆ.

ಅಂಗಡಿಯ ಬಾಟಲಿಗಳನ್ನು ಅತ್ತೆ ಒಳಗೆ ಬಿಡುತ್ತಿರಲಿಲ್ಲ. ಎಣ್ಣೆ ಜಿಡ್ಡಿಗೆ ಕಡಲೆಹಿಟ್ಟು. ಅರಿಸಿನದ ಕಲೆಗೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಮೇಲೊಂದು ತಟ್ಟೆ ಕವುಚುತ್ತಿದ್ದರು. ದಿನಾ ಒರೆಸುವುದಕ್ಕೆ ಹಂಡೆ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಬಿಸಿನೀರಲ್ಲಿ ಕದಡಿ, ಮೇಲಿನ ತಿಳಿ ಮಾತ್ರ. ಆಮೇಲೆ ಹಳೆಯ ಪಂಚೆಯ ತುಂಡಿನಿಂದ ಒಣಗಿಸಬೇಕು. ತಾನಾಗಿ ಆರಲು ಬಿಡಬಾರದು. ಶುಕ್ರವಾರಕ್ಕೊಮ್ಮೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಬೆರಳು ಇಟ್ಟರೆ ಬೆರಳಿಗೆ ಜಿಡ್ಡು ಹತ್ತದಷ್ಟು ಒರೆಸುತ್ತಿದ್ದರು. ಕಲ್ಲು ಎಮ್ಮೆಯ ಮೈಯಂತೆ ಕಾಣುತ್ತಿತ್ತು. ಹುಳಿಯ ಕೆಲಸವೆಲ್ಲ ಸಿಂಕಿನೊಳಗೆ. ಒಂದು ಹನಿ ಸಿಡಿದರೂ ಸೆರಗಿನಿಂದಲೇ ಒರೆಸಿಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಅವರು ಆ ಕಲ್ಲಿನ ಮೇಲೆ ಹುಳಿ ಉಳಿಯಲು ಬಿಟ್ಟಿದ್ದನ್ನು ನಾನು ನೋಡಿಲ್ಲ.

ಅವರಿಂದ ಕಲಿತ ಇನ್ನೊಂದು ವಿಷಯವನ್ನೂ ಹೇಳಬೇಕು. ಒಂದು ಸಲ ಯಾರಾದರೂ ಕೂಗಿದರೆ ಓಗೊಡಬಾರದು. "ಒಂದ್ ಕಿತ ಕೂಗದು ಗಾಳಿ. ಮನುಸ್ರಾದ್ರೆ ಇನ್ನೊಂದ್ ಕಿತ ಕೂಗ್ತಾರೆ. ಆಗ ಓ ಅನ್ನು." ರಾತ್ರಿ ಹೊತ್ತು, ಮಟಮಟ ಮಧ್ಯಾಹ್ನ, ಎರಡಕ್ಕೂ ಇದೇ ಕಟ್ಟಳೆ. ನನಗೆ ಗಾಳಿ, ದೆವ್ವದಲ್ಲಿ ನಂಬಿಕೆ ಇರಲಿಲ್ಲ. ಆದರೆ ಅವರೇ ನನ್ನನ್ನು ಕರೆಯುವಾಗ ಯಾವಾಗಲೂ ಎರಡು ಸಲ ಕರೆಯುತ್ತಿದ್ದರು, "ಅಮ್ಮೀ", ಸ್ವಲ್ಪ ತಡೆದು ಮತ್ತೆ "ಅಮ್ಮೀ". ಎರಡನೆಯದಕ್ಕೆ ನಾನು ಏಳುತ್ತಿದ್ದೆ. ನಂಬಿಕೆ ಇಲ್ಲದೆಯೂ ಕಿವಿಗೆ ಅಭ್ಯಾಸವಾಗಿಬಿಟ್ಟಿತ್ತು.

ಅದು ಬೇಸಿಗೆ ರಜೆಯ ಒಂದು ಗುರುವಾರ. ಮಂಡ್ಯದಲ್ಲಿ ನಾನು ಪಾಠ ಮಾಡುವ ಶಾಲೆ ಮುಚ್ಚಿತ್ತು. ಗಂಡ ಬ್ಲಫ್‌ಗೆ ವಿದ್ಯುತ್ ಕೇಂದ್ರದ ಡ್ಯೂಟಿಗೆ ಹೋಗಿದ್ದರು. ಅತ್ತೆ ಶುಕ್ರವಾರದ ಪೂಜೆಗೆ ಹಿತ್ತಾಳೆ ದೀಪಗಳನ್ನು ಸಿಂಕಿನಲ್ಲಿಟ್ಟು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದರು. ನಾನು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಹನ್ನೆರಡು ಗಂಟೆ ದಾಟಿತ್ತು. ಕೆಳಗಿನಿಂದ "ಅಮ್ಮೀ" ಎಂಬ ಕೂಗು ಬಂತು. ಜೋರಾಗಿರಲಿಲ್ಲ, ನರಳುವ ದನಿಯೂ ಅಲ್ಲ. ನನ್ನ ಕೈಯಲ್ಲಿ ಅವರದೇ ಒಂದು ಸೀರೆ ಇತ್ತು. ನಾನು ಎರಡನೆಯ ಕೂಗಿಗೆ ಕಾದೆ. ಅದು ಬರಲಿಲ್ಲ. ಸೀರೆ ಹರಡಿದೆ. ಆಮೇಲೆ ಒಂದು ಟವೆಲು, ಒಂದು ದಿಂಬಿನ ಕವರು. ಮೂರಕ್ಕೂ ಕ್ಲಿಪ್ಪು ಹಾಕಿದೆ. ಬಕೆಟ್ಟು ಎತ್ತಿಕೊಂಡು ಇಳಿದೆ.

ಅವರು ಕಟ್ಟೆಯ ಕೆಳಗೆ ಒಂದು ಮಗ್ಗುಲಾಗಿ ಬಿದ್ದಿದ್ದರು. ನಲ್ಲಿ ಸುರಿಯುತ್ತಿತ್ತು. ಬಂದ ಡಾಕ್ಟರು, ಬೀಳುವ ಹೊತ್ತಿಗೇ ಜೀವ ಹೋಗಿರಬೇಕು, ಹೃದಯ ನಿಂತಿದೆ ಎಂದರು. ಸಂಜೆಯ ಹೊತ್ತಿಗೆ ಮಳವಳ್ಳಿಯಿಂದ ನಾದಿನಿ ಬಂದಳು. ಅವ್ವನ ಕಾಲ ಬಳಿ ಕೂತು, ನನ್ನ ಕಡೆ ತಿರುಗದೆಯೇ ಕೇಳಿದಳು.

"ನಮ್ಮವ್ವ ಕೂಗ್ನಿಲ್ವ ಅತ್ಗೆ?"

"ಇಲ್ಲ ಕಣಮ್ಮ. ಒಂದೇ ಏಟಿಗೆ ಹೋಗಿದ್ದಾರೆ."

"ನೋವು ತಿನ್ನನಿಲ್ಲ ಬುಡು" ಅಂದಳು. ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಪುಣ್ಯವಂತೆ, ಒಂದೇ ಏಟಿಗೆ ಹೋದಳು. ಮೂರು ದಿನವೂ ಬಂದವರೆಲ್ಲ ಅದನ್ನೇ ಹೇಳಿ ಎದ್ದುಹೋದರು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆಂಟರ ಮನೆಗಳಿಂದ ಅನ್ನ ಬರುತ್ತದೆ. ಅಡುಗೆಮನೆ ಬಾಗಿಲನ್ನು ಯಾರೋ ಎಳೆದುಕೊಂಡಿದ್ದರು, ಹಾಗೇ ಇತ್ತು. ಮೂರನೆಯ ದಿನ, ಹಾಲು ತುಪ್ಪಕ್ಕೆ ಮುಂಚೆ ಮನೆ ತೊಳೆಯಬೇಕೆಂದು ನಾನೇ ಮೊದಲು ಒಳಗೆ ಹೋದೆ. ಸಿಂಕಿನಲ್ಲಿ ಉಜ್ಜಿ ಮುಗಿಸಿದ ಒಂದು ದೀಪ ಹೊಳೆಯುತ್ತಿತ್ತು, ಇನ್ನೊಂದು ಅರ್ಧ ಮಸಿಯಾಗಿತ್ತು. ಕಟ್ಟೆಯ ಮೇಲೆ ಹುಣಸೆ ಒಣಗಿ ಕಂದು ಹೊಪ್ಪಳೆಯಾಗಿ ಎರಡು ಕೈಗಳ ಆಕಾರದಲ್ಲಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಹೊಪ್ಪಳೆ ಎದ್ದುಬಂತು. ಅದರ ಅಡಿಯಲ್ಲಿ ಅದೇ ಆಕಾರ ಬೆಳ್ಳಗೆ ಇತ್ತು.

ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಾನು ಈ ಏಳು ತಿಂಗಳು ಯೋಚಿಸಿದ್ದೇನೆ. ಅವರು ಎಷ್ಟು ಹೊತ್ತು ನಿಂತಿದ್ದರೆಂದು ಅದು ಹೇಳುವುದಿಲ್ಲ. ಕಲ್ಲನ್ನು ಅಷ್ಟು ತಿಂದದ್ದು ಮೂರು ದಿನ ಹಾಗೇ ಉಳಿದ ಹುಳಿ. ಅವರು ನಿಂತಿದ್ದರು ಎಂಬುದನ್ನು ಮಾತ್ರ ಹೇಳುತ್ತದೆ. ಒಂದೇ ಏಟಿಗೆ ಬಿದ್ದವರ ಎಡಗೈ ಹಾಗೆ ಪೂರ್ತಿ ಒತ್ತಿ ಕೂರುವುದಿಲ್ಲ. ಹುಳಿಗೈಯನ್ನು ಕಲ್ಲಿಗೆ ತಾಗಿಸದ ಹೆಂಗಸು ಎರಡೂ ಕೈ ಊರಿ, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ತಾರಸಿಯ ಮೆಟ್ಟಿಲು ಆ ಕಿಟಕಿಯ ಆಚೆಗಿದೆ. ಅವರು ಕೂಗಿದ್ದು ಒಂದೇ ಸಲವೋ, ಎರಡನೆಯದು ದನಿಯಾಗಲಿಲ್ಲವೋ, ನನಗೆ ಗೊತ್ತಿಲ್ಲ.

ನಾನು ಅದನ್ನು ಅಳಿಸಲು ನೋಡಿದೆ. ಮುಚ್ಚಿಡುವುದಿಲ್ಲ. ಕಡಲೆಹಿಟ್ಟು ಹಾಕಿದೆ, ಸೋಡಾ ಹಾಕಿ ತಟ್ಟೆ ಕವುಚಿದೆ, ಬೂದಿಯನ್ನು ತಿಳಿಯಲ್ಲದೆ ಗಷ್ಟಿನ ಸಮೇತ ಉಜ್ಜಿದೆ. ಸುತ್ತಲಿನ ಹೊಳಪು ಮಂಕಾಯಿತು, ಕೈಗಳು ಹಾಗೇ ಉಳಿದವು. ಕೊಬ್ಬರಿ ಎಣ್ಣೆ ಸವರಿದರೆ ಮಾತ್ರ ಕಪ್ಪಾಗಿ ಕಲ್ಲಿನೊಳಗೆ ಸೇರಿಹೋಗುತ್ತಿದ್ದವು. ಶುಕ್ರವಾರ ಹಚ್ಚಿದರೆ ಭಾನುವಾರದವರೆಗೆ ಇಲ್ಲ. ಸೋಮವಾರ ಬೆಳಿಗ್ಗೆ ಹಾಲು ಕಾಯಿಸುವಾಗ ಮೊದಲು ಎಡಗೈಯ ಹೆಬ್ಬೆರಳು ಕಾಣಿಸಿಕೊಳ್ಳುತ್ತಿತ್ತು. ಸಂಜೆ ಮಂಡ್ಯದಿಂದ ರೈಲಿನಲ್ಲಿ ವಾಪಸು ಬರುವಾಗ, ಈಗ ಬಲಗೈ ಎಷ್ಟು ಮೇಲೆ ಬಂದಿರಬಹುದು ಎಂದು ಯೋಚಿಸುತ್ತಿದ್ದೆ. ನಾನು ಅದರ ಮೇಲೆ ಉಪ್ಪಿನ ಡಬ್ಬಿ, ಚಪಾತಿ ಮಣೆ ಇಟ್ಟೆ. ಗಂಡ ಒಂದು ದಿನ ಮಣೆ ಎತ್ತಿ ನೋಡಿ, "ಏನೋ ಚೆಲ್ಲಿದೀಯ. ಕಲ್ಲು ಹಳೇದಾಯ್ತು, ಗ್ರಾನೈಟ್ ಹಾಕ್ಸಣ ಬುಡು" ಅಂದರು. ಗ್ರಾನೈಟಿನವನು ಒಂದು ಸೋಮವಾರ ಅಳತೆಗೆ ಬರುವುದೆಂದಾಯಿತು. ನಾನು ಒಪ್ಪಿಕೊಂಡೆ. ಕಲ್ಲು ಹೋದರೆ ನಾನು ಹೇಳಿದ್ದೇ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಹೇಗೂ ಹೋಗುವ ಕಲ್ಲೆಂದು ಆ ಶುಕ್ರವಾರ ಎಣ್ಣೆಯನ್ನೂ ಹಚ್ಚಲಿಲ್ಲ.

ಅದರ ಹಿಂದಿನ ದಿನ ನಾದಿನಿ ಬಂದಳು. ಕೈಯಲ್ಲಿ ಒಂದು ದೊಡ್ಡ ಸೋಡಾ ಬಾಟಲಿ, ಒಳಗೆ ಕಂದು ನೀರು.

"ಮೊಬೈಲ್‌ನಲ್ ನೋಡ್ಕಂಡು ಉಜ್ಜಿ ತೊಳ್ಯ ನೀರು ಮಾಡ್ದೆ ಅತ್ಗೆ. ನಿಂಬೆಸಿಪ್ಪೆ, ಬೆಲ್ಲ, ನೀರು. ಮೂರ್ ತಿಂಗ್ಳು ಇಟ್ಟಿದ್ದೆ. ಸುರುನಲ್ಲಿ ದಿನಾ ಮುಚ್ಳ ತಗುದು ಗಾಳಿ ಬುಡ್ಬೇಕು, ಇಲ್ದಿದ್ರೆ ಡಮಾರ್ ಅಂತದೆ. ನಮ್ಮನೆಯವ್ರು ಪಾನಕ ಅನ್ಕಂಡು ಒಂದ್ ಗುಟ್ಕು ಕುಡ್ದ್ರು. ಸಂಜೆಗಂಟ ನನ್ ಮಾತಾಡುಸ್ನಿಲ್ಲ."

ನಾನು ನಕ್ಕೆ. ಅವಳೂ ನಕ್ಕಳು. ಅಡುಗೆಮನೆಗೆ ಬಂದು, "ನಮ್ಮವ್ವ ಇದ್ದಿದ್ರೆ ಈ ಕಟ್ಟೆ ಇಂಗಿರಾದಾ? ತತ್ತಾ, ನಾನ್ ಉಜ್ತೀನಿ" ಎಂದು ಚಪಾತಿ ಮಣೆ ಎತ್ತಿ ಪಕ್ಕಕ್ಕಿಟ್ಟು, ಬಾಟಲಿ ಬಗ್ಗಿಸಿದಳು.

ನಾನು ಅವಳ ಮಣಿಕಟ್ಟು ಹಿಡಿದೆ. "ಕಲ್ಲಿಗೆ ಹುಳಿ ಹಾಕಬೇಡ."

ನಾನು ಯಾಕೆ ಹಿಡಿದೆ? ಸುರಿಯಲು ಬಿಟ್ಟಿದ್ದರೆ ಇಡೀ ಕಲ್ಲು ಬೆಳ್ಳಗಾಗಿ, ಆ ಬಿಳುಪಿನಲ್ಲಿ ಕೈಗಳು ಕರಗಿಹೋಗುತ್ತಿದ್ದವು. ನನಗೆ ಬೇಕಾಗಿದ್ದೂ ಅದೇ. ಆದರೆ ಕೈ ಮುಂದಾಯಿತು. ಇಪ್ಪತ್ತೆರಡು ವರ್ಷದ ಪಾಠ.

ಅವಳು ಬಾಟಲಿ ಕೆಳಗಿಟ್ಟು ಕಲ್ಲನ್ನು ನೋಡಿದಳು.

"ಇದ್ಯಾರ್ ಕೈ?"

ನಾನು ಹೇಳಿದೆ. ಹುಣಸೆ, ದೀಪ, ತಾರಸಿ, ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ಬಾಟಲಿಯಲ್ಲಿ ತೇಲುತ್ತಿದ್ದ ಸಿಪ್ಪೆಯನ್ನು ನೋಡುತ್ತಿದ್ದೆ.

"ಎಷ್ಟ್ ಕಿತ ಕೂಗುದ್ಲು?"

"ನನಗೆ ಕೇಳಿಸಿದ್ದು ಒಂದು ಸಲ."

"ಒಂದ್ ಕಿತ ಕೂಗುದ್ರೆ ಓ ಅನ್ಬ್ಯಾಡ ಅಂತ ನಂಗೂ ಅವ್ಳೇ ಏಳ್ಕೊಟ್ಟಿದ್ಲು" ಅಂದಳು. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಕೇಳಿದಳು. "ಆಮೇಲೆ ಎಷ್ಟ್ ಬಟ್ಟೆ ಆಕ್ದೆ?"

"ಮೂರು."

"ಏನೇನು?"

ಹೇಳಿದೆ. ಸೀರೆ ಯಾವುದು ಎಂದು ಕೇಳಿದಳು. ಅದನ್ನೂ ಹೇಳಿದೆ.

ಅವಳು ಶೆಲ್ಫಿನಿಂದ ಕೊಬ್ಬರಿ ಎಣ್ಣೆ ತೆಗೆದು ಪಂಚೆಯ ತುಂಡಿಗೆ ಹಾಕಿಕೊಂಡು ಕಲ್ಲಿಗೆ ಹಚ್ಚತೊಡಗಿದಳು. ಸಿಂಕಿನ ಆಚೆ, ಒಲೆಯ ಸುತ್ತ, ಅಂಚು. ಕೈಗಳ ಗುರುತಿನ ಹತ್ತಿರ ಬಂದಾಗ ಬಟ್ಟೆಯನ್ನು ಬೆರಳಿಗೆ ಸುತ್ತಿ, ಬೆರಳು ಬೆರಳಿನ ಸಂದಿಯಲ್ಲೂ ಎಣ್ಣೆ ಎಳೆದಳು. ಬಿಳುಪಿನ ಮೇಲೆ ಒಂದು ಹನಿಯನ್ನೂ ತಾಗಿಸಲಿಲ್ಲ. ಸುತ್ತ ಕಪ್ಪಾದಂತೆ ಆ ಎರಡು ಕೈಗಳು ಹಿಂದೆಂದೂ ಇಲ್ಲದಷ್ಟು ಎದ್ದುಕಂಡವು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಣಗಿದ ಬಟ್ಟೆ ತರುತ್ತೇನೆಂದು ತಾರಸಿಗೆ ಹೋದೆ. ನಾಲ್ಕೈದು ಬಟ್ಟೆ ತೆಗೆದಿದ್ದೆ. ಕೆಳಗಿನಿಂದ ಕೂಗು ಬಂತು.

"ಅತ್ಗೇ."

ಒಂದೇ ಸಲ. ನಾನು ಬಟ್ಟೆಯನ್ನು ಅಲ್ಲೇ ಬಿಸಾಡಿ ಓಡಿದೆ. ಮೆಟ್ಟಿಲಲ್ಲಿ ಒಮ್ಮೆ ಕಾಲು ಜಾರಿ ಗೋಡೆಗೆ ಮೊಣಕೈ ತರಚಿತು. ಅಡುಗೆಮನೆಗೆ ಬಂದಾಗ ಅವಳು ಕಟ್ಟೆಯ ಮುಂದೆ, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಕೈಗಳನ್ನು ಕಲ್ಲಿನ ಮೇಲೆ ಇಟ್ಟಿರಲಿಲ್ಲ, ಮೊಬೈಲು ಹಿಡಿದಿದ್ದಳು.

"ಏನು? ಏನಾಯ್ತು?"

"ಏನಿಲ್ಲ. ಕೂಗುದ್ರೆ ಇಳ್ದು ಬರಕೆ ಎಷ್ಟೊತ್ತಾಯ್ತದೆ ಅಂತ ನೋಡ್ದೆ." ಮೊಬೈಲಿನ ಕಡೆ ನೋಡಿ, "ಇಷ್ಟೇ ಒತ್ತಾ" ಅಂದಳು.

ಎಷ್ಟು ಎಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ. ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತು, ನನಗೂ ಗೊತ್ತು. ಅಷ್ಟು ಹೊತ್ತಿನಲ್ಲಿ ಬಂದಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಬರೆಯಲಾರೆ. ನಿಂತಿರುವಾಗಲೇ ಬಂದು ಹಿಡಿದುಕೊಳ್ಳಬಹುದಿತ್ತು. ಅಷ್ಟನ್ನು ಬರೆಯಬಲ್ಲೆ.

ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ, "ಅಣ್ಣಂಗೆ ನೀನೇ ಏಳು. ನಾನೇಳಕಿಲ್ಲ" ಅಂದಳು. ಚಪ್ಪಲಿ ಮೆಟ್ಟುತ್ತ, "ಕಲ್ ತಗುಸ್ಬ್ಯಾಡಿ. ನಾನ್ ಬಂದಾಗ ಅದು ಅಲ್ಲೇ ಇರ್ಬೇಕು." ಬಾಟಲಿಯನ್ನು ಬಿಟ್ಟುಹೋದಳು.

ಆ ಸಂಜೆ ಗಂಡನಿಗೆ ಹೇಳಿದೆ. ಅವರು ಎದ್ದುಹೋಗಿ ಕಲ್ಲನ್ನು ನೋಡಿ ಬಂದರು. ಗ್ರಾನೈಟಿನವನಿಗೆ ಫೋನು ಮಾಡಿ ಬರುವುದು ಬೇಡ ಎಂದರು. ಆಮೇಲೆ ಊಟಕ್ಕೆ ಕೂತರು. ನಾನು ಬಡಿಸಿದೆ.

ನಾದಿನಿಯ ನೀರನ್ನು ಬಚ್ಚಲಿಗೂ ನೆಲಕ್ಕೂ ಹಾಕಿ ಮುಗಿಸಿದೆ, ಒಳ್ಳೆಯ ನೀರು. ಶುಕ್ರವಾರ ಕಲ್ಲಿಗೆ ಎಣ್ಣೆ ಹಚ್ಚುತ್ತೇನೆ, ಅವಳು ಹಚ್ಚಿದ ಹಾಗೆ, ಕೈಗಳನ್ನು ಬಿಟ್ಟು. ಅದರ ಮೇಲೆ ಡಬ್ಬಿ, ಮಣೆ ಇಡುವುದಿಲ್ಲ. ತರಕಾರಿಯನ್ನು ಆಚೆ ಹೆಚ್ಚುತ್ತೇನೆ. ಮಧ್ಯಾಹ್ನ ತಾರಸಿಯಲ್ಲಿದ್ದಾಗ ಎಲ್ಲಿಂದಲೋ ಒಂದು ಕೂಗು ಕೇಳಿದರೆ, ಪಕ್ಕದ ಮನೆಯಾಕೆ ತನ್ನ ಮಗಳನ್ನು ಕರೆದರೂ, ನಾನು ಓ ಅನ್ನುತ್ತೇನೆ.