ಅಪ್ಪನ ಸಿಗಾರು ಪೆಟ್ಟಿಗೆ

ಸಿಗಾರು ಹಳೆಯದಾದಷ್ಟೂ ರುಚಿ ಹೆಚ್ಚುತ್ತದೆ ಎಂಬ ಅಪ್ಪನ ಮಾತನ್ನು ನಾನು ಒಪ್ಪಿರಲಿಲ್ಲ. ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸದೆ ಹೆಚ್ಚಿತೆಂದು ಹೇಳುವುದು ಹೇಗೆ? ಶಿವಮೊಗ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದ ನನಗೆ, ಶನಿವಾರದ ರೈಲಿಗೆ ಭದ್ರಾವತಿಗೆ ಬಂದರೆ ಎದುರಾಳಿ ಬೇಕಾಗುತ್ತಿತ್ತು. ಮನೆಯಲ್ಲಿ ಸಿಗುತ್ತಿದ್ದವನು ಅಪ್ಪ ಒಬ್ಬನೇ.

ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚು ಹುಯ್ಯುವ ಮೇಸ್ತ್ರಿ. ಕಾರ್ಖಾನೆ ಹೊಸದಾಗಿದ್ದ ಕಾಲದಲ್ಲಿ, ತನ್ನ ದೇಶಕ್ಕೆ ಹೊರಟ ಬಿಳಿ ದೊರೆಯೊಬ್ಬ ಅಪ್ಪನಿಗೂ ಕ್ರೇನ್ ಓಡಿಸುವ ಅವನ ಗೆಳೆಯನಿಗೂ ಸೇರಿಸಿ ಒಂದು ಮರದ ಪೆಟ್ಟಿಗೆ ಸಿಗಾರು ಕೊಟ್ಟಿದ್ದ. ಹಳೆಯದಾದಷ್ಟೂ ರುಚಿ ಎಂದು ಇಟ್ಟುಕೊಳ್ಳುವ ಬಗೆಯನ್ನೂ ಹೇಳಿದ್ದ. ಆ ಗೆಳೆಯನನ್ನು ನಾನು ಚಾಚಾ ಎನ್ನುತ್ತಿದ್ದೆ. ಇಬ್ಬರೂ ಕೆಲಸ ಬಿಟ್ಟ ದಿನ ಒಟ್ಟಿಗೆ ಕೂತು ಸೇದುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಬೀಡಿಯೇ ಗತಿ.

ಬೇಸಿಗೆಯಲ್ಲಿ ಅಪ್ಪ ಹೆಂಚಿನ ಚೂರೊಂದನ್ನು ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಿ, ಒರೆಸಿ, ಪೆಟ್ಟಿಗೆಯ ಮೂಲೆಯಲ್ಲಿಡುತ್ತಿದ್ದ. ಎಲೆ ಒಣಗಿ ಬಿರಿಯಬಾರದು. ಮಳೆ ಹಿಡಿದರೆ ಆ ಚೂರು ಹೊರಗೆ, ಬೂಷ್ಟು ಹಿಡಿಯಬಾರದು. ತಿಂಗಳಿಗೊಮ್ಮೆ ಕೆಳಗಿನ ಸಾಲು ಮೇಲಕ್ಕೆ ಬರಬೇಕು. ಪೆಟ್ಟಿಗೆಯನ್ನು ಅಡಿಗೆಮನೆಯ ಹತ್ತಿರವಾಗಲಿ ಕರ್ಪೂರದ ಹತ್ತಿರವಾಗಲಿ ತರುವಂತಿರಲಿಲ್ಲ.

“ಇದು ವಾಸನೆ ಕುಡಿಯುತ್ತೆ ಕಣೋ,” ಎನ್ನುತ್ತಿದ್ದ. ಎಲೆಗೆ ಬಾಯಿ ಎಲ್ಲಿದೆ ತೋರಿಸು ಎಂದು ನಾನು ಕೇಳಿದ್ದುಂಟು.

ನನ್ನ ಕಾಲೇಜಿನ ಕಡೆಯ ವರ್ಷ ಅಪ್ಪನ ಎದೆ ಕೆಟ್ಟಿತು. ಡಾಕ್ಟರು ಕೆಲಸವನ್ನೂ ಬೀಡಿಯನ್ನೂ ಬಿಡಿಸಿದರು. ಚಾಚಾಗೆ ಇನ್ನೂ ಮೂರು ತಿಂಗಳ ಕೆಲಸವಿತ್ತು. ಈಗಲೇ ಪೆಟ್ಟಿಗೆ ತೆಗೆಯೋಣವೆಂದು ಅವರು ಬಂದು ಕೇಳಿದರೂ ಅಪ್ಪ ಒಪ್ಪಲಿಲ್ಲ. ಸೇದಲಾಗದಿದ್ದರೆ ಮೂಸಿಯಾದರೂ ನೋಡುತ್ತೇನೆ, ಆಡಿದ್ದನ್ನು ಮುರಿಯುವುದಿಲ್ಲ ಎಂದ. ಆ ಮೂರು ತಿಂಗಳು ಅವನು ಉಳಿದಾನೇ ಎಂಬುದೊಂದೇ ಮನೆಯ ಚಿಂತೆಯಾಯಿತು. ಪೆಟ್ಟಿಗೆ ನನ್ನ ಕೈಗೆ ಬಂತು.

ಆಷಾಢದ ಒಂದು ಭಾನುವಾರ ಸಿಗಾರೊಂದರಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ಹುಳ. ಅಪ್ಪನನ್ನು ಕೇಳಬಹುದಿತ್ತು. ಮಲಗಿದವನಿಗೆ ಯಾಕೆ ಗಾಬರಿ ಎಂದು ಸಮಜಾಯಿಷಿ ಹೇಳಿಕೊಂಡೆ. ನಿಜವೆಂದರೆ, ಉತ್ತರ ನನಗೇ ಗೊತ್ತು ಎನಿಸಿತ್ತು. ಅಮ್ಮನ ರೇಷ್ಮೆ ಸೀರೆಯ ಟ್ರಂಕಿನಲ್ಲಿ ಬಜೆ ಬೇರಿದೆ, ಅಲ್ಲಿ ಹುಳವಿಲ್ಲ. ಹಳೆಯ ಓಲೆಗರಿ ಕಟ್ಟಿನಲ್ಲಿ ಬಜೆಯಿದೆ, ಅಲ್ಲೂ ಹುಳವಿಲ್ಲ. ಆದ್ದರಿಂದ. ಐದಾರು ತುಂಡು ಬಜೆಯನ್ನು ಸಾಲುಗಳ ನಡುವೆ ಸಿಕ್ಕಿಸಿ ಮುಚ್ಚಳ ಹಾಕಿದೆ. ಹುಳವೇನೋ ಸತ್ತಿತು.

ಚಾಚಾ ಕಡೆಯ ಪಾಳಿ ಮುಗಿಸಿ, ಕೈಯ ಗ್ರೀಸನ್ನೂ ತೊಳೆಯದೆ, ಸಂಜೆ ನೇರ ಮನೆಗೆ ಬಂದರು. ಅಪ್ಪನನ್ನು ದಿಂಬಿಗೆ ಒರಗಿಸಿದೆವು. ಮುಚ್ಚಳ ತೆಗೆದೊಡನೆ ಕೋಣೆಯ ತುಂಬ ಬಜೆ. ಹಸುಗೂಸಿಗೆ ತೇಯ್ದು ನೆಕ್ಕಿಸುವಾಗ ಬರುವ ಅದೇ ವಾಸನೆ, ಬೇರೇನೂ ಇಲ್ಲ. ಅಪ್ಪ ಒಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

“ಹುಳ ಬಿದ್ದಿತ್ತಪ್ಪ, ಅದಕ್ಕೆ ನಾನು...”

“ನೀನು ಕೂಸಾಗಿದ್ದಾಗ ಮನೆಯೆಲ್ಲ ಇದೇ ವಾಸನೆ,” ಎಂದ. ಆಮೇಲೆ ಚಾಚಾ ಕಡೆ ತಿರುಗಿದ. “ಹಚ್ಚು ಮಾರಾಯ. ಹೆಂಗಿದೆ ಹೇಳು.”

ಚಾಚಾ ಇನ್ನೊಂದನ್ನು ತೆಗೆದು ಹಚ್ಚಿದರು. ಎರಡು ಸಲ ಎಳೆಯುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂತು. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅಪ್ಪನದು.

“ಬಹುತ್ ಅಚ್ಛಾ, ಮೇಸ್ತ್ರಿ. ದೊರೆ ಸುಳ್ಳು ಹೇಳಿರಲಿಲ್ಲ.”

“ಕೇಳಿಸ್ಕೊಂಡೆಯಾ?” ಎಂದ ಅಪ್ಪ ನನಗೆ. “ಸಾಕ್ಷಿ ಬೇಕು ಅಂತಿದ್ದೆಯಲ್ಲ.”

ಗೆದ್ದವನಂತೆ ನಕ್ಕ. ಆ ಸಾಕ್ಷಿಯನ್ನು ಕೆಡವಲು ಒಂದೇ ಒಂದು ಪಾಟೀಸವಾಲು ಸಾಕಿತ್ತು. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ.

ಮರುದಿನ ಬೆಳಿಗ್ಗೆ ಬೇಲಿಯ ಬುಡದಲ್ಲಿ ಚಾಚಾ ಎಸೆದುಹೋಗಿದ್ದ ಸಿಗಾರು ಸಿಕ್ಕಿತು. ತುದಿ ಮಾತ್ರ ಸುಟ್ಟಿತ್ತು. ಅಪ್ಪನ ಕಿಟಕಿಗೆ ಕಾಣುವ ಜಾಗ. ಹೆಕ್ಕಿ ಜೇಬಿಗೆ ಹಾಕಿಕೊಂಡೆ.

ಅಪ್ಪ ಇನ್ನೂ ಹತ್ತು ದಿನ ಇದ್ದ. ಅಂದು ಮೂಗಿಗೆ ಹಿಡಿದಿದ್ದ, ಹಚ್ಚದ ಆ ಸಿಗಾರನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಆಗಾಗ ಮೂಸುತ್ತಿದ್ದ. ಅಷ್ಟು ವರ್ಷ ಕಾಯ್ದ ಹೊಗೆಸೊಪ್ಪಿನ ವಾಸನೆ ಅದರಲ್ಲಿ ಒಂದಿಷ್ಟಾದರೂ ಉಳಿದಿತ್ತೇ, ಅವನು ಹುಡುಕುತ್ತಿದ್ದದ್ದು ಅದನ್ನೋ ಬಜೆಯನ್ನೋ, ಕೇಳಿದ್ದರೆ ಹೇಳುತ್ತಿದ್ದನೇನೋ. ಎಲ್ಲದಕ್ಕೂ ಪ್ರಶ್ನೆ ಹಾಕುತ್ತಿದ್ದ ನಾನು ಅದೊಂದನ್ನು ಕೇಳಲಿಲ್ಲ.