ಪಂಪು ತಾನಾಗಿ ಏನೂ ಹೇಳುವುದಿಲ್ಲ

2022ರ ಅಕ್ಟೋಬರ್. ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಹೈದರಾಬಾದಿನ ತಾರ್ನಾಕದಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕೂರುತ್ತಿದ್ದೆ. ನಾನು ಬಾಗಲಕೋಟೆ ಕಡೆಯವಳು. ಊರಿನ ಮಾತಿನಲ್ಲೇ ಕಷ್ಟ ಹೇಳಿಕೊಳ್ಳಬೇಕು ಎನ್ನುವವರು ನಗರದ ಮೂಲೆಮೂಲೆಗಳಿಂದ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಮೂವತ್ತೊಂದು ವರ್ಷದ ಸೇವೆಯಲ್ಲಿ ನನಗೊಂದು ಜಂಬ ಬೆಳೆದಿತ್ತು. ರೋಗಿ ಬಾಗಿಲು ದಾಟಿ ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ಕಾಯಿಲೆ ಗೊತ್ತಾಗಿಬಿಡುತ್ತದೆ ಎಂದು ಕಿರಿಯ ವೈದ್ಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಇಳಿಸಿದವಳು ರೇಣುಕಾ. ಹೆಸರು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆಯಿದೆ, ಅದೂ ದಿನಾಂಕ ಹಾಕಿ ಸಹಿ ಮಾಡಿದ ಒಪ್ಪಿಗೆ.

ದಸರಾ ಮುಗಿದು ಒಂದು ವಾರ ಆಗಿರಬೇಕು. ರೇಣುಕಾಳನ್ನು ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ಸುಮಂಗಲಾ ಕರೆದುಕೊಂಡು ಬಂದರು. ವಿಜಯಪುರ ಜಿಲ್ಲೆಯವರು. ರೇಣುಕಾಳಿಗೆ ಆಗ ಮೂವತ್ತೊಂದು ವರ್ಷ. ನಾಚಾರಂನಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದ ಕೆಲಸ. ಸಿದ್ಧವಾದ ಪಂಪನ್ನು ಓಡಿಸಿ, ಒತ್ತಡ, ಬಿಸಿ, ಕಂಪನಗಳ ಅಳತೆ ಬರೆದುಕೊಂಡು, ಪಾಸು ಅಥವಾ ಫೇಲು ಎಂದು ಹೇಳುವವಳು ಅವಳೇ.

ನಡೆದದ್ದು ಇಷ್ಟು. ದಸರಾ ರಜೆ ಮುಗಿದ ಮೊದಲ ದಿನ ಆ ಕಾರ್ಖಾನೆಯಲ್ಲಿ ಒಂದು ರೂಢಿಯಿದೆ. ಮಾಲೀಕರ ತಾಯಿ, ಎಲ್ಲರೂ ಪೆದ್ದಮ್ಮ ಎಂದು ಕರೆಯುವ ಎಪ್ಪತ್ತು ದಾಟಿದ ಹಿರಿಯರು, ಪ್ರತಿಯೊಬ್ಬರಿಗೂ ಜಮ್ಮಿ ಎಲೆ ಕೊಡುತ್ತಾರೆ. ನಾವು ಬನ್ನಿ ಎನ್ನುವುದೂ ಅದನ್ನೇ. ಕೊಟ್ಟ ಮೇಲೆ ಹೆಣ್ಣುಮಕ್ಕಳನ್ನು ಎದೆಗೆ ಅಪ್ಪಿಕೊಳ್ಳುತ್ತಾರೆ. ತೆಲಂಗಾಣದಲ್ಲಿ ಇದಕ್ಕೆ ಅಲಯ್ ಬಲಯ್ ಎನ್ನುತ್ತಾರೆ. ಹಿಂದಿನ ಎರಡು ವರ್ಷ ಕೊರೋನಾದಿಂದಾಗಿ ಅಪ್ಪುಗೆ ನಿಂತಿತ್ತು. ರೇಣುಕಾ ಸೇರಿದ್ದು ಆ ನಡುವೆ. ಈ ಸಲ ಪೆದ್ದಮ್ಮ ಎರಡು ವರ್ಷದ ಬಾಕಿಯನ್ನೂ ಸೇರಿಸಿ ಗಟ್ಟಿಯಾಗಿ ಅಪ್ಪಿಕೊಂಡರು. ರೇಣುಕಾ ಕಿರುಚಿ, ಎರಡೂ ಕೈಯಿಂದ ಅವರನ್ನು ದೂಡಿ, ಸ್ಟೋರ್ ರೂಮಿಗೆ ಓಡಿ ಬಾಗಿಲು ಹಾಕಿಕೊಂಡಳು. ಹಿಂದೆ ಕುರ್ಚಿಯಿತ್ತು, ಪೆದ್ದಮ್ಮ ಅದರ ಮೇಲೆ ಕುಸಿದರು. ಪೆಟ್ಟಾಗಲಿಲ್ಲ. ಆದರೆ ಇಡೀ ಶೆಡ್ಡು ದಂಗಾಗಿ ನಿಂತಿತು.

ಮರುದಿನವೇ ಪತ್ರ ಬಂತು. ಇಪ್ಪತ್ತೊಂದು ದಿನದೊಳಗೆ ಕೆಲಸಕ್ಕೆ ಯೋಗ್ಯಳು ಎಂದು ಮನೋವೈದ್ಯರಿಂದ ಸರ್ಟಿಫಿಕೇಟ್ ತರಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಜೊತೆಗೊಂದು ಫಾರಂ: ಹಿಂದಿನ ಎಲ್ಲ ವೈದ್ಯಕೀಯ ಕಾಗದಗಳನ್ನು ಲಗತ್ತಿಸಿ. ಬೇರೆ ಯಾರೇ ಆಗಿದ್ದರೂ ತಮಗೆ ಅನುಕೂಲವಾದ ಎರಡು ಹಾಳೆ ಲಗತ್ತಿಸಿ ಸುಮ್ಮನಾಗುತ್ತಿದ್ದರು. ರೇಣುಕಾ ಎಲ್ಲವನ್ನೂ ಲಗತ್ತಿಸಿದ್ದಳು. ಹುಟ್ಟಿದಾಗ ಹಾಕಿಸಿದ ಲಸಿಕೆಯ ಕಾರ್ಡು, ಕನ್ನಡಕದ ಚೀಟಿ, ಹಲ್ಲಿನ ಎಕ್ಸ್‌ರೇ. ಅವುಗಳ ನಡುವೆ 2018ರ ಒಂದು ಸರ್ಕಾರಿ ಆಸ್ಪತ್ರೆಯ ಚೀಟಿ: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ತಾತ್ಕಾಲಿಕ. ಮ್ಯಾನೇಜರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕಡತ ಹಿಂದಿರುಗಿಸಿದ್ದರು.

ಆ ಕೈಬರಹ ನನ್ನದು. ಎದುರಿಗೆ ಕೂತವಳ ಮುಖ ನನಗೆ ನೆನಪಿರಲಿಲ್ಲ.

ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎನ್ನುವುದು ವ್ಯಕ್ತಿತ್ವಕ್ಕೆ ಸಂಬಂಧಿಸಿದ ಒಂದು ತೊಂದರೆ. ಭಾವನೆಗಳು ಭರ್ರನೆ ಏರಿ ಇಳಿಯುತ್ತವೆ, ನಮ್ಮವರು ಕೈಬಿಟ್ಟಾರೆಂಬ ಭಯ ಕಾಡುತ್ತದೆ, ಸಂಬಂಧಗಳು ಇಂದು ಅಮೃತ ನಾಳೆ ವಿಷ. ಅದೂ ನಿಜವಾದ ಸಂಕಟವೇ, ಚಿಕಿತ್ಸೆಯೂ ಇದೆ, ಬೈಗುಳವಂತೂ ಅಲ್ಲ. 2018ರಲ್ಲಿ ರೇಣುಕಾ ಎರಡು ಕೆಲಸ ಬಿಟ್ಟಿದ್ದಳು, ಇದ್ದಕ್ಕಿದ್ದಂತೆ ಕಿರುಚುತ್ತಿದ್ದಳು, ಏನನಿಸುತ್ತದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದಳು. ಹೊರಗೆ ಉದ್ದನೆಯ ಸಾಲು. ನಾನು ಇಪ್ಪತ್ತು ನಿಮಿಷದಲ್ಲಿ ತೀರ್ಪು ಬರೆದು, ಮರ್ಯಾದೆಗೆ ತಾತ್ಕಾಲಿಕ, ಅಂದರೆ ಇನ್ನೂ ಖಚಿತವಲ್ಲ, ಎಂದು ಸೇರಿಸಿ ಕಳಿಸಿದ್ದೆ. ಮತ್ತೆ ನೋಡಲಿಲ್ಲ.

ಈ ಸಲ ನಿಧಾನವಾಗಿ ಕೇಳಿದೆ. "ಪೆದ್ದಮ್ಮ ಅಪ್ಪಿಕೊಂಡಾಗ ಏನನಿಸ್ತವ್ವಾ?"

"ಏನೂ ಅನಸಲಿಲ್ರಿ ಮೇಡಂ. ಹೊಟ್ಟಿ ಕಲ್ಲಾತು. ಕಿವಿ ಬಿಸಿ ಆದ್ವು. ಆಮ್ಯಾಲ ಕೈ ಮುಂದ ಹೋದ್ವು."

"ಸಿಟ್ಟು ಬಂತೇನು? ಹೆದರಿದೇನು?"

"ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಉದ್ಧಟತನವಲ್ಲ, ನಿಜವಾದ ಪ್ರಶ್ನೆ. ಸುಮಂಗಲಾ ತಡೆಯಲಾರದೆ ನಕ್ಕರು. "ಬಾಯಾರ, ಇಕಿ ಹಿಂಗ ನೋಡ್ರಿ. ಹ್ಯಾಂಗದೀವಾ ಅಂತ ಕೇಳಿದ್ರ, ಕುಂತೀನಿ ವೈನಿ ಅಂತಾಳ!" ರೇಣುಕಾ ನಗಲಿಲ್ಲ. "ಕುಂತಿದ್ದೆ ಅಲ್ಲ?" ಎಂದಳು.

ಅವಳ ತಾಯಿಗೆ ಫೋನ್ ಮಾಡಿದೆ. 2018ರಲ್ಲಿ ಮಾಡಬೇಕಿದ್ದ ಫೋನು ಅದು. "ಸಣ್ಣಾಕಿ ಇದ್ದಾಗಿಂದೂ ಹಿಂಗ ಐತ್ರಿ ಬಾಯಾರ," ಎಂದರು ಆ ತಾಯಿ. "ಯಾರರ ಎತ್ಕೊಂಡ್ರ ಮೈ ಬಿಗಿ ಮಾಡ್ತಿತ್ತು ಕೂಸು. ಹೊಲಿಗಿ ಚುಚ್ಚತೈತಿ ಅಂತ ಅಂಗಿ ತಿರುವಿ ಹಾಕ್ಕೋತಿದ್ಲು. ರೊಟ್ಟಿ ಮುರಿದಿತ್ತಂದ್ರ ಮುಟ್ತಿರಲಿಲ್ಲ." ವ್ಯಕ್ತಿತ್ವದ ತೊಂದರೆಗಳು ಸಾಮಾನ್ಯವಾಗಿ ಹದಿಹರೆಯದ ಹೊತ್ತಿಗೆ ಸ್ಪಷ್ಟವಾಗುತ್ತವೆ. ಸ್ಪರ್ಶ, ಸದ್ದು, ಬದಲಾವಣೆಗಳನ್ನು ಮೆದುಳು ಬೇರೆಯೇ ರೀತಿ ಗ್ರಹಿಸುವ ಆಟಿಸಂನ ಗುರುತುಗಳು ಎಳವೆಯಿಂದಲೇ ಇರುತ್ತವೆ, ಹುಡುಕುವವರು ಬೇಕು. ಫಾರಂನ ಮಾತನ್ನು ಅಕ್ಷರಶಃ ಹಿಡಿದು ಇಡೀ ಕಡತವನ್ನು ಲಗತ್ತಿಸಿದವಳು ಅಂದೇ ನನಗೆ ಅರ್ಧ ಉತ್ತರ ಕೊಟ್ಟಿದ್ದಳು.

ಇನ್ನರ್ಧ ಸಿಕ್ಕಿದ್ದು ನಾಚಾರಂನಲ್ಲಿ. ಅವಳ ಒಪ್ಪಿಗೆ ಪಡೆದು, ಮ್ಯಾನೇಜರ ಅನುಮತಿ ಕೇಳಿ, ಅರ್ಧ ದಿನ ಅವಳ ಕೆಲಸ ನೋಡಿದೆ. ಒಂದು ಪಂಪು ಓಡುತ್ತಿತ್ತು. ನನ್ನ ಕಿವಿಗೆ ಎಲ್ಲ ಪಂಪೂ ಒಂದೇ. ಅವಳು ತಲೆ ಓರೆ ಮಾಡಿ, "ಬೇರಿಂಗ್ ಹೋಗೇತಿ," ಎಂದು ಬದಿಗೆ ಸರಿಸಿದಳು. ಬಿಚ್ಚಿ ನೋಡಿದರೆ ಹಾಗೆಯೇ ಇತ್ತು. ಪಂಪಿಗೆ ಏನಾಗಿದೆಯೆಂದು ಹೇಗೆ ತಿಳಿಯಿತು ಎಂದು ಕೇಳಿದೆ.

"ಪಂಪು ತಾನಾಗಿ ಏನೂ ಹೇಳೂದಿಲ್ರಿ ಮೇಡಂ. ನಾವ ರೀಡಿಂಗ್ ತಗೋಬೇಕು. ಆಮ್ಯಾಲ ಹೆಸರ ಇಡಬೇಕು."

ಇವಳ ಭಾವನೆಗಳಿಗೂ ಇದೇ ದಾರಿ ಎಂದು ಹೊಳೆದು, ಅಲ್ಲೇ ನಿಂತು ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ತನ್ನ ಭಾವನೆಯನ್ನು ಗುರುತಿಸಿ ಹೆಸರಿಡಲು ಆಗದ ಸ್ಥಿತಿಗೆ ನಮ್ಮ ಶಾಸ್ತ್ರ ಅಲೆಕ್ಸಿಥೈಮಿಯ ಎನ್ನುತ್ತದೆ. ಭಾವನೆ ಇಲ್ಲವೆಂದಲ್ಲ. ಮೈಯಲ್ಲಿ ಎಲ್ಲ ನಡೆಯುತ್ತಿರುತ್ತದೆ, ಹೆಸರು ಮಾತ್ರ ಸಿಗುವುದಿಲ್ಲ. ಆಟಿಸಂ ಇರುವ ಅನೇಕರಲ್ಲಿ ಇದು ಕಾಣುತ್ತದೆ, ಎಲ್ಲರಲ್ಲೂ ಅಲ್ಲ. ವ್ಯಕ್ತಿತ್ವದ ತೊಂದರೆ ಇರುವವರಲ್ಲೂ ಕಾಣುತ್ತದೆ. ಕೆಲವರಲ್ಲಿ ಎರಡೂ ಒಟ್ಟಿಗೇ ಇರುವುದುಂಟು. ಹೊರಗಿನಿಂದ ನೋಡಿದರೆ ಎರಡು ಕಡೆಯೂ ಅದೇ ಕಿರುಚಾಟ, ಅದೇ ಓಟ. ಆದ್ದರಿಂದಲೇ ನನ್ನಂಥ ಅವಸರದವರು ಎಡವುವುದು.

ಅಂದೇ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಲಾಗ್‌ಶೀಟ್, ಅಂದರೆ ಅಳತೆಪಟ್ಟಿ, ಮಾಡಿದೆವು. ಪಂಪಿನದ್ದಲ್ಲ, ರೇಣುಕಾಳದ್ದು. ಸಮಯ, ಹೊಟ್ಟೆ, ದವಡೆ, ಕಿವಿ, ಸುತ್ತಲಿನ ಸದ್ದು, ಊಟ. ಹೊಟ್ಟೆ, ದವಡೆಗಳ ಬಿಗಿತ, ಕಿವಿಯ ಬಿಸಿ, ಸದ್ದಿನ ಜೋರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಕೊನೆಯ ಕಾಲಂ: ಹೆಸರು.

"ಲಿಮಿಟ್ ಎಷ್ಟ್ರಿ?" ಎಂದಳು. "ಲಿಮಿಟ್ ಇಲ್ಲದ ರೀಡಿಂಗ್ ತಗೊಂಡು ಏನ್ ಮಾಡೂದು?"

"ಅದನ್ನ ನಾವಿಬ್ಬರೂ ಕೂಡಿ ಹುಡುಕೂಣು," ಎಂದೆ.

ಹತ್ತು ದಿನ ಗಂಟೆಗೊಮ್ಮೆ ಬರೆದಳು. ನಾವು ವೈದ್ಯರು ರೋಗಿಗಳಿಗೆ ಡೈರಿ ಬರೆಯಲು ಹೇಳಿದರೆ ಮೂರನೆಯ ದಿನಕ್ಕೆ ಅದನ್ನು ನಾಯಿ ತಿಂತು ಎಂಬಂಥ ನೆಪ ಸಿದ್ಧವಾಗಿರುತ್ತದೆ. ಇವಳದ್ದು ಒಂದು ಗಂಟೆಯೂ ತಪ್ಪಲಿಲ್ಲ. ಹೆಸರಿನ ಕಾಲಮ್ಮಿನಲ್ಲಿ ಮೊದಮೊದಲು ಬರೀ ತಿಳಿಯದು, ತಿಳಿಯದು. ಮನೆಯಲ್ಲಿ ವೈನಿ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಮ್ಮ ಅಂದಾಜು ಬರೆಯಬೇಕೆಂದು ಗೊತ್ತುಮಾಡಿದ್ದೆವು. ಒಂದು ಸಂಜೆ ನೆಂಟರು ಹೇಳದೆ ಕೇಳದೆ ಬಂದು ಟಿ.ವಿ. ಜೋರು ಮಾಡಿದಾಗ ದವಡೆ ಏಳಕ್ಕೆ ಏರಿತ್ತು. ವೈನಿ ಸಿಟ್ಟು ಎಂದು ಬರೆದರು. ಮರುದಿನ ರೇಣುಕಾ ಪುಸ್ತಕ ಹಿಡಿದು ನನ್ನ ಹತ್ತಿರ ಬಂದಳು.

"ಇದಕ್ಕ ಸಿಟ್ಟು ಅಂತಾರೇನ್ರಿ? ನಾ ಹಲ್ಲುನೋವು ಅಂತ ತಿಳ್ಕೊಂಡಿದ್ದೆ."

ಕಡತದಲ್ಲಿ ಹಲ್ಲಿನ ಎಕ್ಸ್‌ರೇ ಯಾಕಿತ್ತೆಂದು ಆಗ ತಿಳಿಯಿತು. ಹಲ್ಲಿಗೆ ಏನೂ ಆಗಿರಲಿಲ್ಲ. ಸಿಟ್ಟಿಗೆ ದಂತವೈದ್ಯರ ಬಳಿ ಹೋಗಿ ಬಂದ ಹುಡುಗಿ!

ಪುಟಗಳನ್ನು ಸಾಲಾಗಿಟ್ಟು ನೋಡಿದೆವು. ದವಡೆ ಆರು ದಾಟಿದ ಮೇಲೆ ಸದ್ದು, ಹಸಿವು, ಇದ್ದಕ್ಕಿದ್ದ ಬದಲಾವಣೆ, ಇವುಗಳಲ್ಲಿ ಎರಡು ಸೇರಿದರೆ ಅವಳು ಎದ್ದು ಹೋಗುತ್ತಾಳೆ ಅಥವಾ ಕಿರುಚುತ್ತಾಳೆ. ಜಮ್ಮಿ ಕೊಟ್ಟ ದಿನ ಬೆಳಿಗ್ಗೆಯಿಂದ ಸ್ಪೀಕರಿನಲ್ಲಿ ಹಾಡು, ಮೈಗೆ ಚುಚ್ಚುವ ಹೊಸ ಸೀರೆ, ಪೂಜೆ ಮುಗಿಯದೆ ಊಟ ತಡ. ಅದರ ಮೇಲೆ ಅಪ್ಪುಗೆ. ಯಾರೋ ಕೈಬಿಟ್ಟಾರೆಂಬ ಭಯ, ಸಂಬಂಧಗಳ ಏರಿಳಿತ, ಅವಳ ಇಡೀ ಕಥೆಯಲ್ಲಿ ಎಲ್ಲಿಯೂ ಇರಲಿಲ್ಲ. ನನ್ನ ಕಣ್ಣನ್ನೇ ನಂಬದೆ ಕಿರಿಯ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರಿಂದ ಎರಡು ದಿನ ಪರೀಕ್ಷೆ ಮಾಡಿಸಿದೆ. ಅವರೂ ಅದನ್ನೇ ಹೇಳಿದರು: ಆಟಿಸಂ, ಜೊತೆಗೆ ಅಲೆಕ್ಸಿಥೈಮಿಯ.

ಹತ್ತೊಂಬತ್ತನೆಯ ದಿನ ಸರ್ಟಿಫಿಕೇಟ್ ಬರೆದೆ. ಕೆಲಸಕ್ಕೆ ಯೋಗ್ಯಳು, ದವಡೆ ಆರು ತಲುಪಿದಾಗ ಹತ್ತು ನಿಮಿಷ ಹೊರಗೆ ಕೂರಲು ಬಿಡಬೇಕು. ಇನ್ನೊಂದು ಹಾಳೆಯಲ್ಲಿ, 2018ರ ನನ್ನ ತೀರ್ಮಾನ ತಪ್ಪು, ಅದನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ಸಹಿ ಹಾಕಿದೆ. ಆಟಿಸಂನ ಹೆಸರು ಕಾರ್ಖಾನೆಗೆ ಹೇಳಲೇಬೇಕೆಂದಿಲ್ಲ ಎಂದೆ. "ಹೇಳತೀನ್ರಿ. ಅವರು ಕೇಳ್ಯಾರ," ಎಂದಳು ರೇಣುಕಾ.

ಮರುದಿನ ನಾನೂ ಜೊತೆಗೆ ಹೋದೆ. ರೇಣುಕಾ ಮಾಲೀಕರ ಕೋಣೆಯಲ್ಲಿ ಪೆದ್ದಮ್ಮನ ಎದುರು ನಿಂತು ತೆಲುಗಿನಲ್ಲಿ, ಮೊದಲೇ ಬರೆದುಕೊಂಡದ್ದನ್ನು ಓದಿದಳು. ದೂಡಿದ್ದಕ್ಕೆ ಕ್ಷಮೆ ಕೇಳಿದಳು. ಅಪ್ಪಿಕೊಂಡರೆ ಮೈ ಉರಿದಂತಾಗುತ್ತದೆ, ಎಲೆ ಮಾತ್ರ ಕೊಟ್ಟರೆ ಸಂತೋಷ ಎಂದಳು.

"ಅಂತೇನಾ ತಲ್ಲೀ? ಮುಂದೇ ಚೆಪ್ಪೊಚ್ಚು ಕದಾ!" ಎಂದರು ಪೆದ್ದಮ್ಮ. ಇಷ್ಟೇನಾ ತಾಯೀ, ಮೊದಲೇ ಹೇಳಬಹುದಿತ್ತಲ್ಲ!

"ಮೊದಲು ನನಗೂ ಗೊತ್ತಿರಲಿಲ್ಲ," ಎಂದಳು ರೇಣುಕಾ.

ಪೆದ್ದಮ್ಮ ಮಗನ ಕಡೆ ತಿರುಗಿ, ನನ್ನ ಭುಜ ನೋಯಲು ಶುರುವಾಗಿ ಆರು ವರ್ಷವಾಯಿತು, ವರ್ಷವರ್ಷ ಇಷ್ಟು ಜನರನ್ನು ಅಪ್ಪಿಕೊಂಡು ಸಾಕಾಗಿದೆ, ಯಾರೇನು ಅಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದೆ ಎಂದು ದೂರಿದರು. ಮಾಲೀಕರು ನಕ್ಕು ಸರ್ಟಿಫಿಕೇಟ್ ತೆಗೆದಿಟ್ಟುಕೊಂಡರು. ಕೆಲಸ ಉಳಿಯಿತು.

ಮರುವರ್ಷದ ದಸರಾ ಮುಗಿದ ಮೇಲೆ ರೇಣುಕಾ ಕ್ಲಿನಿಕ್ಕಿಗೆ ಬಂದಳು. ಒಂದು ಮಾರು ದೂರ ನಿಂತು ಕೈ ಚಾಚಿ, "ಬನ್ನಿ ತಗೊಂಡು ಬಂಗಾರಧಾಂಗ ಇರೂಣ್ರಿ ಮೇಡಂ," ಎಂದಳು. ಕಾರ್ಖಾನೆಯಲ್ಲಿ ಈ ಸಲ ಎಲ್ಲರಿಗೂ ಎಲೆ ಮಾತ್ರವಂತೆ. ಬೇಕಾದವರು ಮಾತ್ರ ಪೆದ್ದಮ್ಮನನ್ನು ಅಪ್ಪಿಕೊಳ್ಳಬಹುದಂತೆ, ಅದೂ ಎಡಗಡೆಯಿಂದ, ಬಲಭುಜಕ್ಕೆ ತಾಗದಂತೆ.

ಆಮೇಲೆ ಲಾಗ್‌ಶೀಟ್ ತೆರೆದು, ಪೆದ್ದಮ್ಮ ಎಲೆ ಕೊಟ್ಟ ದಿನದ ಸಾಲು ತೋರಿಸಿದಳು. ಹೊಟ್ಟೆ ಒಂದು, ದವಡೆ ಸೊನ್ನೆ, ಕಿವಿ ಎರಡು. ಹೆಸರಿನ ಕಾಲಮ್ಮಿನಲ್ಲಿ ಪೆನ್ನಿನಿಂದ, ತನ್ನ ಕೈಯಿಂದಲೇ ಬರೆದಿದ್ದಳು: ಖುಷಿ, ತಾತ್ಕಾಲಿಕ.

ತಾತ್ಕಾಲಿಕ ಯಾಕೆ ಎಂದು ಕೇಳಿದೆ. ಆ ಪದವನ್ನು ಅವಳು ಕಲಿತದ್ದು ನನ್ನ ಚೀಟಿಯಿಂದಲೇ.

"ಇನ್ನೊಂದು ಸಲ ರೀಡಿಂಗ್ ತಗೊಳ್ಳದ ಫೈನಲ್ ಬರೀಬಾರದ್ರಿ, ಮೇಡಂ."

ಹೌದವ್ವಾ ಎಂದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ನಾನು ಕಲಿಯಬೇಕಿದ್ದ ಪಾಠ ಅದೊಂದೇ ಆಗಿತ್ತು.